ಐದನೆಯವನು ಎಲ್ಲಿಂದ ಬರುತ್ತಾನೆ?

2020ರ ಡಿಸೆಂಬರ್ 6. ಆ ಋತುವಿನಲ್ಲಿ ಆಡಿದ ಹನ್ನೊಂದು ಪಂದ್ಯಗಳನ್ನೂ ಸೋತಿದ್ದ ನ್ಯೂಯಾರ್ಕ್ ಜೆಟ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡ ಲಾಸ್ ವೇಗಸ್ ರೇಡರ್ಸ್ ಎದುರು 28–24ರಿಂದ ಮುಂದಿತ್ತು. ಉಳಿದಿದ್ದದ್ದು 13 ಸೆಕೆಂಡು. ರೇಡರ್ಸ್ ಗೆಲ್ಲಬೇಕಾದರೆ ಚೆಂಡನ್ನು 46 ಗಜದಾಚೆಯ ಗೋಲ್ ರೇಖೆ ದಾಟಿಸಿ ಟಚ್‌ಡೌನ್ ಪಡೆಯಬೇಕು. ಇಂಥ ಹೊತ್ತಿನಲ್ಲಿ ರಕ್ಷಣಾ ತಂಡದ ಯಾವ ಕೋಚ್ ಆದರೂ ಆಟಗಾರರನ್ನು ಹಿಂದಕ್ಕೆ ಕಳಿಸಿ, ಗೋಲ್ ರೇಖೆಯ ಬಳಿ ಕಾವಲು ಹಾಕುತ್ತಾನೆ. ಜೆಟ್ಸ್‌ನ ಗ್ರೆಗ್ ವಿಲಿಯಮ್ಸ್ ಮಾಡಿದ್ದು ತದ್ವಿರುದ್ಧ. ಪಾಸ್ ಎಸೆಯುವ ಕ್ವಾರ್ಟರ್‌ಬ್ಯಾಕ್ ಮೇಲೆ ದಂಡೆತ್ತಿ ಹೋಗಲು ಹೇಳಿದರು, ಹಿಂದೆ ಕೊನೆಯ ಕಾವಲಿಗನಾದ ಸೇಫ್ಟಿಯನ್ನು ಒಬ್ಬನನ್ನೂ ಉಳಿಸಲಿಲ್ಲ. 40 ಗಜವನ್ನು 4.27 ಸೆಕೆಂಡಿನಲ್ಲಿ ಓಡಿ ತೋರಿಸಿದ್ದ ರೇಡರ್ಸ್ ರಿಸೀವರ್ (ಪಾಸ್ ಹಿಡಿಯುವವ) ಹೆನ್ರಿ ರಗ್ಸ್‌ನನ್ನು ಕಾಯಲು ಉಳಿದವನು ಒಬ್ಬ ಹೊಸ ಕಾರ್ನರ್‌ಬ್ಯಾಕ್ ಮಾತ್ರ. ಓಡಿ ಬಂದವರ ಕೈ ತಾಗುವ ಮೊದಲೇ ರೇಡರ್ಸ್ ಕ್ವಾರ್ಟರ್‌ಬ್ಯಾಕ್ ಡೆರೆಕ್ ಕಾರ್ ಚೆಂಡು ಎಸೆದಾಗಿತ್ತು. ಪಂದ್ಯ 31–28ಕ್ಕೆ ರೇಡರ್ಸ್ ಪಾಲಾಯಿತು, ಮರುದಿನ ವಿಲಿಯಮ್ಸ್ ಕೆಲಸ ಕಳೆದುಕೊಂಡರು.

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಹೀಗೆ ನುಗ್ಗುವುದಕ್ಕೆ ಬ್ಲಿಟ್ಜ್ ಎನ್ನುತ್ತಾರೆ. ಸಾಮಾನ್ಯವಾಗಿ ರಕ್ಷಣೆಯ ಹನ್ನೊಂದು ಮಂದಿಯಲ್ಲಿ ನಾಲ್ವರು ಕ್ವಾರ್ಟರ್‌ಬ್ಯಾಕ್ ಕಡೆ ನುಗ್ಗುತ್ತಾರೆ, ಏಳು ಮಂದಿ ಪಾಸ್ ಕಾಯುತ್ತಾರೆ. ಐದು ಅಥವಾ ಹೆಚ್ಚು ಜನ ನುಗ್ಗಿದರೆ ಅದು ಬ್ಲಿಟ್ಜ್. ಕ್ರಿಕೆಟ್ ನೋಡುವವರಿಗೆ ಇದರ ಕಷ್ಟ ಬೇಗ ಹೊಳೆಯುತ್ತದೆ: ಇನ್ನೊಂದು ಸ್ಲಿಪ್ ಬೇಕೆಂದರೆ ಬೌಂಡರಿಯಿಂದ ಒಬ್ಬನನ್ನು ಎಳೆದು ತರಬೇಕು. ಮುಂದೆ ಕೂಡಿಸಿದಷ್ಟೂ ಹಿಂದೆ ಕಳೆಯಬೇಕು.

ಈ ಲೆಕ್ಕದಲ್ಲಿ ಜನರ ಸಂಖ್ಯೆಯಷ್ಟೇ ಮುಖ್ಯವಾದದ್ದು ಸಮಯ. ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಸ್ನ್ಯಾಪ್ ಆದ (ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರುವಾದ) ಕ್ಷಣದಿಂದ ಚೆಂಡು ಕ್ವಾರ್ಟರ್‌ಬ್ಯಾಕ್‌ನ ಕೈಬಿಡುವವರೆಗೆ ಸರಾಸರಿ 2.7 ಸೆಕೆಂಡಿನ ಆಸುಪಾಸು ಹಿಡಿಯುತ್ತದೆ. ಈಗ ಆಟ ಶುರುವಾಗುವ ರೇಖೆಯಿಂದ 12 ಗಜ ಹಿಂದೆ ನಿಂತ ಸೇಫ್ಟಿಯೊಬ್ಬನನ್ನು ಬ್ಲಿಟ್ಜ್‌ಗೆ ಕಳಿಸಿದಿರಿ ಎನ್ನಿ. ಕ್ವಾರ್ಟರ್‌ಬ್ಯಾಕ್ ರೇಖೆಯ ಆಚೆ 7 ಗಜ ಒಳಗಿರುತ್ತಾನೆ. ಒಟ್ಟು 19 ಗಜ. ನಿಂತಲ್ಲಿಂದ 20 ಗಜ ಓಡಲು ಚುರುಕಿನ ಆಟಗಾರನಿಗೂ, ದಾರಿಯಲ್ಲಿ ಯಾರೂ ಅಡ್ಡ ಬರದಿದ್ದರೂ, ಎರಡೂವರೆ ಸೆಕೆಂಡು ಬೇಕು. ಯಾರಾದರೂ ಕ್ಷಣಕಾಲ ಅಡ್ಡ ಬಂದರೂ ಸಾಕು, ಅವನು ತಲುಪುವ ಹೊತ್ತಿಗೆ ಚೆಂಡು ಹೋಗಿರುತ್ತದೆ. ಹಾಗಾಗಿ ಸ್ನ್ಯಾಪ್‌ಗೆ ಮೊದಲೇ ಆರೇಳು ಗಜ ಮುಂದೆ ಜಾರಿರಬೇಕು. ತೀರಾ ಬೇಗ ಜಾರಿದರೆ ಗುಟ್ಟು ರಟ್ಟು, ತಡವಾದರೆ ಓಟ ದಂಡ. ಅನುಭವಿ ಕ್ವಾರ್ಟರ್‌ಬ್ಯಾಕ್‌ಗಳು ಸ್ನ್ಯಾಪ್ ಕೂಗನ್ನು ಬೇಕೆಂದೇ ಎಳೆದು, ಒಮ್ಮೆ ಸುಳ್ಳು ಕೂಗು ಹಾಕಿ, ಯಾರ ಕಾಲು ಮುಂದೆ ಬಂತೆಂದು ನೋಡಿಕೊಳ್ಳುವುದು ಇದಕ್ಕೇ.

ಕ್ವಾರ್ಟರ್‌ಬ್ಯಾಕ್‌ನನ್ನು ಕಾಪಾಡುವ ಎದುರಿನ ಗೋಡೆಯನ್ನೂ ನೋಡೋಣ. ಮಧ್ಯೆ ಸೆಂಟರ್, ಅವನ ಎರಡು ಬದಿಗೆ ಗಾರ್ಡ್‌ಗಳು, ಅವರಾಚೆ ಟ್ಯಾಕಲ್‌ಗಳು. ಈ ಐವರ ಜೊತೆಗೆ, ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್ ಸೇರಿದರೆ ತಡೆಯುವವರು ಆರು ಜನ. ಸ್ನ್ಯಾಪ್‌ಗೆ ಮುಂಚೆ ಕ್ವಾರ್ಟರ್‌ಬ್ಯಾಕ್ ಬೆರಳು ತೋರಿಸಿ ‘ಮೈಕ್ 54’ ಎಂದೇನೋ ಕೂಗುವುದನ್ನು ಟಿವಿಯಲ್ಲಿ ಕೇಳಿರಬಹುದು. ರಕ್ಷಣೆಯ ಮುಂದಿನ ಸಾಲಿನ ಹಿಂದೆ ನಿಲ್ಲುವ, 54 ಸಂಖ್ಯೆಯ ಆ ಲೈನ್‌ಬ್ಯಾಕರ್‌ನಿಂದ ಎಣಿಕೆ ಶುರು ಮಾಡಿ ಎಂದು ಅವನು ತನ್ನವರಿಗೆ ಹೇಳುತ್ತಿದ್ದಾನೆ. ಮುಂದಿನ ನಾಲ್ವರು ಮತ್ತು ಆ ಮೈಕ್, ಗೋಡೆಯ ಐವರ ಪಾಲು. ಬೇರೆ ಯಾರಾದರೂ ಬಂದರೆ ರನ್ನಿಂಗ್ ಬ್ಯಾಕ್ ನೋಡಿಕೊಳ್ಳಬೇಕು.

ಬ್ಲಿಟ್ಜ್ ಹೆಣೆಯುವವನು ಕೆಡಿಸಲು ಹೊರಡುವುದು ಈ ಎಣಿಕೆಯನ್ನೇ. ಆರು ಜನರ ಗೋಡೆಗೆ ಏಳು ಜನರನ್ನು ಕಳಿಸುವುದು ದುಬಾರಿ ದಾರಿ. ಐವರನ್ನೇ ಕಳಿಸಿ, ಗೋಡೆಯ ಇಬ್ಬರು ಯಾರೂ ಬಾರದ ಕಡೆ ಸುಮ್ಮನೆ ನಿಲ್ಲುವಂತೆ ಮಾಡಿದರೆ ಇನ್ನೊಂದು ಕಡೆ ನಾಲ್ವರು ಐವರನ್ನು ಎದುರಿಸಬೇಕಾಗುತ್ತದೆ. ಮಿನ್ನೆಸೋಟ ವೈಕಿಂಗ್ಸ್‌ನಲ್ಲಿ ಮೈಕ್ ಝಿಮ್ಮರ್ ಹೆಸರುವಾಸಿ ಮಾಡಿದ ಏರ್ಪಾಡು ಇದಕ್ಕೆ ಒಳ್ಳೆಯ ಉದಾಹರಣೆ. ಸೆಂಟರ್‌ನ ಎಡಕ್ಕೊಬ್ಬ ಬಲಕ್ಕೊಬ್ಬ ಲೈನ್‌ಬ್ಯಾಕರ್ ಬಂದು ಮೂಗಿಗೆ ಮೂಗು ತಾಗುವಷ್ಟು ಹತ್ತಿರ ನಿಲ್ಲುತ್ತಾರೆ. ಸೆಂಟರ್ ಹಿಡಿಯಬಲ್ಲದ್ದು ಒಬ್ಬನನ್ನು. ಇನ್ನೊಬ್ಬನಿಗಾಗಿ ಗಾರ್ಡ್ ಒಳಸರಿಯಬೇಕು ಇಲ್ಲವೇ ರನ್ನಿಂಗ್ ಬ್ಯಾಕ್ ನಡುವೆ ಬರಬೇಕು. ಎಲ್ಲರೂ ಒಳಗೆ ಕೂಡಿಕೊಂಡ ಮೇಲೆ ಹೊರ ಅಂಚಿನಲ್ಲಿ ದಾರಿ ತೆರೆಯುತ್ತದೆ, ಒಳಬದಿಯ ರಿಸೀವರ್‌ನನ್ನು ಕಾಯುವ ಸ್ಲಾಟ್ ಕಾರ್ನರ್ ಅಲ್ಲಿಂದ ನುಗ್ಗುತ್ತಾನೆ. ಅಷ್ಟರಲ್ಲಿ ನಡುವೆ ನಿಂತಿದ್ದ ಇಬ್ಬರು ಲೈನ್‌ಬ್ಯಾಕರ್‌ಗಳು ತಣ್ಣಗೆ ಹಿಂದೆ ಸರಿದು ಪಾಸ್ ಕಾಯುತ್ತಿರಲೂಬಹುದು.

ಕಾವಲಿನ ಮಾತಿಗೆ ಬಂದರೆ, ಹಳೆಯ ಬ್ಲಿಟ್ಜ್‌ಗಳ ಹಿಂದೆ ಸಾಮಾನ್ಯವಾಗಿ ಇರುತ್ತಿದ್ದದ್ದು ಒಬ್ಬನಿಗೊಬ್ಬ ಕಾವಲು. ಹಿಂದೆ ಒಬ್ಬ ಸೇಫ್ಟಿ ಉಳಿದರೆ ಕವರ್ ಒನ್, ಅವನೂ ಇಲ್ಲದಿದ್ದರೆ ಕವರ್ ಝೀರೋ. 1978ರ ನಿಯಮ ಬದಲಾವಣೆಯ ನಂತರ ರೇಖೆಯಿಂದ 5 ಗಜ ದಾಟಿದ ರಿಸೀವರ್‌ಗಳನ್ನು ತಡೆಯುವಂತಿಲ್ಲ. 1980ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಬಿಲ್ ವಾಲ್ಶ್ ಮಾದರಿಯ ಚುಟುಕು ಪಾಸ್‌ಗಳು ಇಂಥ ಬ್ಲಿಟ್ಜ್‌ಗಳನ್ನು ಚಿಂದಿ ಮಾಡತೊಡಗಿದವು. ತನ್ನ ರಿಸೀವರ್‌ನ ಬೆನ್ನು ಹತ್ತಿ ಓಡುವವನಿಗೆ ಚೆಂಡು ಕಾಣುವುದಿಲ್ಲ, ಹಿಡಿದು ಕೆಡವುವುದು ಒಮ್ಮೆ ತಪ್ಪಿದರೆ ಹಿಂದೆ ಮತ್ತೊಬ್ಬ ಇಲ್ಲ.

ಸಿನ್ಸಿನಾಟಿ ಬೆಂಗಾಲ್ಸ್‌ನ ಡಿಕ್ ಲೆಬೋ ಇದಕ್ಕೆ ಉತ್ತರ ಹುಡುಕಿದರು. ಸ್ವತಃ ಕಾರ್ನರ್‌ಬ್ಯಾಕ್ ಆಗಿ 62 ಪಾಸ್‌ಗಳನ್ನು ಕಸಿದಿದ್ದ ಮನುಷ್ಯ. ಕಣ್ಣು ಚೆಂಡಿನ ಮೇಲಿರಬೇಕು ಎಂಬುದು ಅವರಿಗೆ ಮೈಗೂಡಿದ ಪಾಠ. 1970ರ ದಶಕದ ಆರಂಭದಲ್ಲೇ ಮಯಾಮಿಯಲ್ಲಿ ಬಿಲ್ ಆರ್ನ್ಸ್‌ಪಾರ್ಗರ್ ಅವರು ಬಾಬ್ ಮ್ಯಾಥಿಸನ್ ಎಂಬ ಲೈನ್‌ಬ್ಯಾಕರ್‌ನನ್ನು ಒಮ್ಮೆ ನುಗ್ಗಿಸಿ ಒಮ್ಮೆ ಹಿಂದೆ ಸರಿಸಿ ಎದುರಾಳಿಯನ್ನು ಗೊಂದಲಕ್ಕೆ ಕೆಡವುತ್ತಿದ್ದರು. ಲೆಬೋ ಆ ಎಳೆಯನ್ನು ಮುಂದುವರಿಸಿ ಕಟ್ಟಿದ್ದು ಝೋನ್ ಬ್ಲಿಟ್ಜ್. ಒಂದು ಬದಿಯಿಂದ ಲೈನ್‌ಬ್ಯಾಕರ್ ಮತ್ತು ಸೇಫ್ಟಿ ನುಗ್ಗುತ್ತಾರೆ. ಇನ್ನೊಂದು ಬದಿಯ 120 ಕಿಲೋ ತೂಗುವ ಲೈನ್‌ಮನ್ ಎರಡು ಹೆಜ್ಜೆ ಮುಂದಿಟ್ಟಂತೆ ಮಾಡಿ ಹಿಂದೆ ಸರಿಯುತ್ತಾನೆ. ನುಗ್ಗುವವರು ಐದು, ಆಳದಲ್ಲಿ ಮೂವರು, ಅವರ ಮುಂದೆ ಮೂವರು.

ಲೆಕ್ಕ ಸರಿಹೋಯಿತು, ಆದರೆ ಜಾಗ ದೊಡ್ಡದಾಯಿತು. ಮೈದಾನದ ಅಗಲ 53 ಗಜ 1 ಅಡಿ. ಮುಂದಿನ ಸಾಲಿನಲ್ಲಿ ನಾಲ್ವರಿದ್ದರೆ ತಲಾ 13 ಗಜ ಕಾದರೆ ಸಾಕು, ಮೂವರಾದರೆ ಸುಮಾರು 18 ಗಜ. ಅದನ್ನು ಪೂರ್ತಿ ಕಾಯಲಾಗುವುದಿಲ್ಲ, ಆದ್ದರಿಂದ ಆದ್ಯತೆಯ ನಿಯಮ ಬೇಕು. ಬದಿಯವರು ಮೊದಲು ನೇರ ಒಳದಾರಿಯನ್ನು ಮುಚ್ಚಬೇಕು, ನಂತರ ತಿರುಗಿ ನಿಲ್ಲುವ ರಿಸೀವರ್, ಕಟ್ಟಕಡೆಗೆ ಪಕ್ಕದ ಬಯಲು. ಅಲ್ಲಿಗೆ ಚೆಂಡು ಹೋದರೆ ಹೋಗಲಿ, 4 ಗಜ ಬಿಟ್ಟುಕೊಟ್ಟು ಕೆಡವು ಎಂಬುದು ಲೆಕ್ಕಾಚಾರ. ಚೆಂಡನ್ನು ಉಳಿಸಿಕೊಳ್ಳಲು ಎದುರಾಳಿ ಗೆಲ್ಲಬೇಕಾದ ದೂರ 8 ಗಜ ಇದ್ದಾಗ ಇದು ಲಾಭದ ವ್ಯಾಪಾರ. 3 ಗಜ ಇದ್ದಾಗ ಶುದ್ಧ ನಷ್ಟ. ಇನ್ನೊಂದು ಅಪಾಯ, ಹಿಂದೆ ಸರಿದ ಆ ದೈತ್ಯ ಲೈನ್‌ಮನ್. ವೇಗದ ಸ್ಲಾಟ್ ರಿಸೀವರ್ ಅವನ ಪಾಲಿಗೆ ಬಿದ್ದರೆ ಆಟ ಮುಗಿದಂತೆ.

ಒಬ್ಬನಿಗೊಬ್ಬ ಕಾವಲಿನಲ್ಲಿ ಬೇರೊಂದು ಎಡವಟ್ಟಿದೆ, ಹೊರಗಿನಿಂದ ನೋಡುವವರಿಗೆ ಅದು ಕಾಣುವುದೇ ಇಲ್ಲ. ಕೆಲವು ಬ್ಲಿಟ್ಜ್‌ಗಳಲ್ಲಿ ರನ್ನಿಂಗ್ ಬ್ಯಾಕ್‌ಗೆಂದು ಪ್ರತ್ಯೇಕ ಕಾವಲಿಗನಿರುವುದಿಲ್ಲ. ಅವನು ತಡೆಯಲು ನಿಲ್ಲದೆ ಪಕ್ಕಕ್ಕೆ ಓಡಿದರೆ, ಅಂಚಿನಿಂದ ನುಗ್ಗುತ್ತಿರುವವನೇ ತನ್ನ ಓಟ ಬಿಟ್ಟು ಬೆನ್ನು ಹತ್ತಬೇಕು. ಕಣ್ಣೆದುರು ಕ್ವಾರ್ಟರ್‌ಬ್ಯಾಕ್ ಇರುವಾಗ ಅದನ್ನು ಬಿಟ್ಟು ಹೊರಳುವುದು ಸುಲಭದ ಮಾತಲ್ಲ. ಮರೆತರೆ ಐದು ಗಜದ ಪಾಸ್ ಐವತ್ತು ಗಜವಾಗುತ್ತದೆ. ಟೀಕೆಗಾರರು ಬೈಯುವುದು ಮಾತ್ರ ಹಿಂದಿದ್ದ ಸೇಫ್ಟಿಯನ್ನು.

ನುಗ್ಗುವವನು ನುಗ್ಗದಿದ್ದರೆ ಏನಾಗಬಹುದು ಎಂಬುದಕ್ಕೆ 2009ರ ಫೆಬ್ರವರಿ 1ರ ಸೂಪರ್ ಬೌಲ್, ಅಂದರೆ ಎನ್‌ಎಫ್‌ಎಲ್ ಫೈನಲ್, ನೋಡಬೇಕು. ಲೆಬೋ ಆಗ ಪಿಟ್ಸ್‌ಬರ್ಗ್ ಸ್ಟೀಲರ್ಸ್‌ನ ರಕ್ಷಣೆಯ ಹೊಣೆ ಹೊತ್ತಿದ್ದರು. ಮೊದಲಾರ್ಧ ಮುಗಿಯಲು ಕೆಲವೇ ಸೆಕೆಂಡು, ಅರಿಝೋನ ಕಾರ್ಡಿನಲ್ಸ್ ಗೋಲ್ ರೇಖೆಯಿಂದ 1 ಗಜ ದೂರದಲ್ಲಿ. ಸ್ಟೀಲರ್ಸ್ ಲೈನ್‌ಬ್ಯಾಕರ್ ಜೇಮ್ಸ್ ಹ್ಯಾರಿಸನ್‌ಗೆ ಇದ್ದ ಸೂಚನೆ ನುಗ್ಗು ಎಂದು. ಚೆಂಡು ತಟ್ಟನೆ ಹೊರಡುತ್ತದೆಂದು ಊಹಿಸಿದ ಅವನು ಒಂದು ಹೆಜ್ಜೆ ಮುಂದಿಟ್ಟಂತೆ ಮಾಡಿ ಒಳಕ್ಕೆ ಸರಿದ. ಕಾರ್ಡಿನಲ್ಸ್ ಕ್ವಾರ್ಟರ್‌ಬ್ಯಾಕ್ ಕರ್ಟ್ ವಾರ್ನರ್ ಬ್ಲಿಟ್ಜ್ ಬರುತ್ತಿದೆ ಎಂದೇ ಎಸೆದ ಪಾಸ್ ನೇರ ಹ್ಯಾರಿಸನ್ ಕೈಗೆ ಬಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದಷ್ಟೇ ಅಲ್ಲ, ತುತ್ತು ಎದುರಿನವನ ತಟ್ಟೆ ಸೇರಿತು: ಹ್ಯಾರಿಸನ್ 100 ಗಜ ಓಡಿ ಟಚ್‌ಡೌನ್ ಹೊಡೆದ. ಸ್ಟೀಲರ್ಸ್ ಗೆದ್ದದ್ದು 27–23ರಿಂದ.

ಹಾಗಾದರೆ ನಿಜವಾಗಿ ಐದನೆಯವನು ಬೇಕೇ? ಬಹಳ ಸಲ ಬೇಡ ಎಂಬುದು ಈಚಿನ ಒಲವು. ಕಾನ್ಸಾಸ್ ಸಿಟಿಯ ಪ್ಯಾಟ್ರಿಕ್ ಮಹೋಮ್ಸ್‌ನಂಥ ಕ್ವಾರ್ಟರ್‌ಬ್ಯಾಕ್ ಬ್ಲಿಟ್ಜ್ ಕಂಡರೆ ಹೆದರುವುದಿಲ್ಲ, ಖುಷಿಪಡುತ್ತಾನೆ. 2021ರ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ ಟ್ಯಾಂಪಾ ಬೇ ತಂಡದ ಟಾಡ್ ಬೋಲ್ಸ್, ಇಡೀ ಋತು ಬ್ಲಿಟ್ಜ್ ಮೇಲೆ ಬ್ಲಿಟ್ಜ್ ಕರೆದವರು, ಅಂದು ಕೈ ಬಿಗಿ ಹಿಡಿದರು. ಇಬ್ಬರು ಸೇಫ್ಟಿಗಳನ್ನು ಆಳದಲ್ಲಿ ನಿಲ್ಲಿಸಿ ಹೆಚ್ಚಿನ ಸಲ ನಾಲ್ವರನ್ನೇ ಕಳಿಸಿದರು. ಕಾನ್ಸಾಸ್ ಸಿಟಿಯ ಇಬ್ಬರೂ ಮುಖ್ಯ ಟ್ಯಾಕಲ್‌ಗಳು ಗಾಯಗೊಂಡು ಹೊರಗಿದ್ದರು, ಅಷ್ಟೇ ಸಾಕಾಯಿತು. 31–9. ಮಹೋಮ್ಸ್ ತಂಡಕ್ಕೆ ಒಂದೂ ಟಚ್‌ಡೌನ್ ಇಲ್ಲ.

ಅಂಥ ನಾಲ್ವರು ಇಲ್ಲದವರು ಹುಡುಕಿಕೊಂಡ ದಾರಿ ಸಿಮ್ಯುಲೇಟೆಡ್ ಪ್ರೆಷರ್. ರೇಖೆಯ ಮೇಲೆ ಆರು ಜನ ನಿಲ್ಲುತ್ತಾರೆ, ಬರುವವರು ನಾಲ್ವರೇ, ಆದರೆ ಅವರಲ್ಲೊಬ್ಬ ಯಾರೂ ಎಣಿಸದ ಲೈನ್‌ಬ್ಯಾಕರ್. ಹಿಂದೆ ಏಳು ಮಂದಿ ಭದ್ರ. ಬ್ಲಿಟ್ಜ್‌ನ ಗೊಂದಲ ಸಿಗುತ್ತದೆ, ಬೆಲೆ ತೆರಬೇಕಿಲ್ಲ. 2023ರಿಂದ ವೈಕಿಂಗ್ಸ್ ರಕ್ಷಣೆಯನ್ನು ನಡೆಸಿದ ಬ್ರಯಾನ್ ಫ್ಲೋರೆಸ್ ಇದನ್ನು ಎರಡೂ ತುದಿಗೆ ಎಳೆದರು. ಅದೇ ಆರು ಜನರ ಸಾಲು. ಒಮ್ಮೆ ಆರೂ ಮಂದಿ ನುಗ್ಗುತ್ತಾರೆ, ಮರುಸಲ ಮೂವರೇ ಬಂದು ಎಂಟು ಮಂದಿ ಹಿಂದೆ ಸರಿಯುತ್ತಾರೆ. ಮೂವರನ್ನು ತಡೆಯಲು ಆರು ಜನ ನಿಂತಿದ್ದಾರೆ ಎಂದರೆ, ಎಂಟು ಕಾವಲಿಗರ ನಡುವೆ ಪಾಸ್ ಹಿಡಿಯಲು ಓಡುತ್ತಿರುವವರು ನಾಲ್ವರು ಮಾತ್ರ.