ಆಡಿಯೊ ರೆಕಾರ್ಡರ್‌ಗೆ ಹಾರ್ಡ್ ಡಿಸ್ಕ್ ನೇರವಾಗಿ ಸಿಕ್ಕಿಸಬಹುದಾ?

ಪ್ರಶ್ನೆ: ನಾನು ಯಕ್ಷಗಾನ, ತಾಳಮದ್ದಳೆ ರೆಕಾರ್ಡ್ ಮಾಡುತ್ತೇನೆ. ಕೈಯಲ್ಲಿ ಹಿಡಿಯುವಂಥ ಸಣ್ಣ ರೆಕಾರ್ಡರ್ ಇದೆ, ಅದರಲ್ಲಿ ಯುಎಸ್‌ಬಿ ಪೋರ್ಟ್ ಕೂಡ ಇದೆ. ಮನೆಯಲ್ಲಿ 1 ಟಿಬಿಯ ಹಾರ್ಡ್ ಡಿಸ್ಕ್ ಸುಮ್ನೆ ಬಿದ್ದಿದೆ. ಅದನ್ನೇ ಸಿಕ್ಕಿಸಿಬಿಟ್ಟರೆ ಮೆಮೊರಿ ಕಾರ್ಡ್ ತುಂಬುವ ಚಿಂತೆ ಇಲ್ಲದೆ ಬೆಳಗಿನವರೆಗೂ ರೆಕಾರ್ಡ್ ಮಾಡಬಹುದಲ್ವಾ?

ಉತ್ತರ: ಆಗುವುದಿಲ್ಲ. ಸಿಕ್ಕಿಸಿದರೆ ಏನೂ ಹಾಳಾಗಲಿಕ್ಕಿಲ್ಲ, ಆದರೆ ರೆಕಾರ್ಡರ್‌ಗೆ ಡಿಸ್ಕ್ ಕಾಣುವುದೇ ಇಲ್ಲ. ಈ ಪ್ರಶ್ನೆ ತುಂಬ ಜನ ಕೇಳುತ್ತಾರೆ. ಪೋರ್ಟ್ ಇದೆ, ವೈರ್ ಕೂರುತ್ತದೆ, ಮತ್ಯಾಕೆ ಆಗಲ್ಲ ಅನ್ನುವುದು ನ್ಯಾಯವಾದ ಅನುಮಾನವೇ.

ಯುಎಸ್‌ಬಿ ವೈರಿನ ಎರಡು ತುದಿಗಳಿಗೆ ಬೇರೆ ಬೇರೆ ಪಾತ್ರ. ಒಂದು ಕಡೆ ಹೋಸ್ಟ್, ಇನ್ನೊಂದು ಕಡೆ ಡಿವೈಸ್. ಕೆಲಸ ಹೇಳುವುದು ಹೋಸ್ಟ್. ಡಿವೈಸ್ ತಾನಾಗಿ ಏನನ್ನೂ ಶುರು ಮಾಡುವುದಿಲ್ಲ, ಕೇಳಿದ್ದಕ್ಕೆ ಉತ್ತರ ಕೊಡುತ್ತದೆ ಅಷ್ಟೆ. ನಿಮ್ಮ ಕಂಪ್ಯೂಟರ್ ಹೋಸ್ಟ್. ಹಾರ್ಡ್ ಡಿಸ್ಕ್, ಪೆನ್ ಡ್ರೈವ್, ಕೀಬೋರ್ಡ್ ಎಲ್ಲ ಡಿವೈಸ್. ಸಣ್ಣ ರೆಕಾರ್ಡರ್‌ಗಳೂ ಸಾಮಾನ್ಯವಾಗಿ ಡಿವೈಸ್ ಗುಂಪಿಗೇ ಸೇರಿದವು. ಜೂಮ್ ಕಂಪನಿಯ ಎಚ್5, ಎಚ್6 ತರಹದವನ್ನು ಕಂಪ್ಯೂಟರ್‌ಗೆ ಸಿಕ್ಕಿಸಿದರೆ ಅವು ಕಾರ್ಡ್ ರೀಡರ್ ಆಗುತ್ತವೆ, ಇಲ್ಲವೇ ಆಡಿಯೊ ಇಂಟರ್‌ಫೇಸ್ ಆಗುತ್ತವೆ. ಎರಡರಲ್ಲೂ ಯಜಮಾನಿಕೆ ಕಂಪ್ಯೂಟರ್‌ನದೇ. ಇಂಥ ರೆಕಾರ್ಡರ್ ಮತ್ತು ಡಿಸ್ಕನ್ನು ಜೋಡಿಸಿದರೆ, ತಾಳಮದ್ದಳೆಯಲ್ಲಿ ಮಾತಾಡುವ ಅರ್ಥಧಾರಿಗಳೆಲ್ಲ ಬಂದು ಕೂತಿದ್ದಾರೆ, ಹಾಡಿ ನಡೆಸುವ ಭಾಗವತರೇ ಬಂದಿಲ್ಲ ಅನ್ನುವ ಸ್ಥಿತಿ. ಪದ್ಯ ಎತ್ತುವವರಿಲ್ಲ. ಫೋನ್‌ಗೆ ಪೆನ್ ಡ್ರೈವ್ ಜೋಡಿಸಲು ಬಳಸುವ ಒಟಿಜಿ ವೈರ್ ತಂದರೂ ಉಪಯೋಗವಿಲ್ಲ, ಯಾಕೆಂದರೆ ಕೊರತೆ ಇರುವುದು ವೈರಿನಲ್ಲಲ್ಲ, ರೆಕಾರ್ಡರ್ ಒಳಗಿನ ಚಿಪ್ ಮತ್ತು ಸಾಫ್ಟ್‌ವೇರ್‌ನಲ್ಲಿ.

ಒಂದು ವೇಳೆ ಕಂಡಿತು ಅಂತಲೇ ಇಟ್ಟುಕೊಳ್ಳಿ. ಡಿಸ್ಕ್ ತಿರುಗಲು ಕರೆಂಟ್ ಯಾರು ಕೊಡಬೇಕು? ಯುಎಸ್‌ಬಿ 2 ಪೋರ್ಟ್ ಕೊಡಬೇಕಾದದ್ದು 500 ಮಿಲಿ ಆಂಪ್. ಅಂಗೈ ಅಗಲದ ಹಾರ್ಡ್ ಡಿಸ್ಕ್ ತಿರುಗಲು ಶುರುವಾಗುವ ಕ್ಷಣಕ್ಕೆ 1 ಆಂಪ್‌ನಷ್ಟು ಎಳೆಯಬಹುದು. ಎರಡು ಪೆನ್ಸಿಲ್ ಸೆಲ್ ಮೇಲೆ ನಡೆಯುವ ಯಂತ್ರಕ್ಕೆ ಅದು ಹೊರಲಾರದ ಹೊರೆ. ಇನ್ನೊಂದು ತೊಂದರೆಯೂ ಇದೆ. ಮೈಕ್ ಇರುವುದು ರೆಕಾರ್ಡರ್ ತಲೆಯ ಮೇಲೆ, ಪಕ್ಕದಲ್ಲೇ ಡಿಸ್ಕ್ ಗುಂಯ್‌ಗುಡುತ್ತಾ ಕೂತಿರುತ್ತದೆ. ಚೆಂಡೆ ಬಾರಿಸುವಾಗ ಅದು ಗೊತ್ತಾಗಲ್ಲ. ಅರ್ಥಧಾರಿ ಮಾತು ನಿಲ್ಲಿಸಿ ಎದುರಾಳಿಯನ್ನು ನೋಡುವ ಗಳಿಗೆಯಲ್ಲಿ ಗೊತ್ತಾಗುತ್ತದೆ.

ಅದಿರಲಿ, ಅಷ್ಟು ಜಾಗ ನಿಮಗೆ ಬೇಕಾ? ಲೆಕ್ಕ ಹಾಕಿ ನೋಡೋಣ. 48 ಕಿಲೋಹರ್ಟ್ಸ್, 24 ಬಿಟ್, ಸ್ಟೀರಿಯೊ ವೇವ್ ಫೈಲ್ ಅಂದರೆ ಒಂದು ಗಂಟೆಗೆ ಸುಮಾರು 1 ಜಿಬಿ. ರಾತ್ರಿಯಿಡೀ ಯಕ್ಷಗಾನದ ಆಟ, 8 ಗಂಟೆ ಅಂದುಕೊಂಡರೂ 8 ಜಿಬಿ ಚಿಲ್ಲರೆ. ಒಂದು 32 ಜಿಬಿ ಕಾರ್ಡಿನಲ್ಲಿ ಹತ್ತಿರ ಹತ್ತಿರ 30 ಗಂಟೆ ಹಿಡಿಸುತ್ತದೆ. ಸಿಡಿ ಗುಣಮಟ್ಟ, ಅಂದರೆ 44.1 ಕಿಲೋಹರ್ಟ್ಸ್, 16 ಬಿಟ್ ಇಟ್ಟರೆ ಇನ್ನೂ ಜಾಸ್ತಿ, 50 ಗಂಟೆಯವರೆಗೆ. ಆರು ಟ್ರ್ಯಾಕ್ ಬೇರೆ ಬೇರೆಯಾಗಿ ಹಿಡಿಯುವವರಿಗೂ 48/24ರಲ್ಲಿ ಒಂದು ರಾತ್ರಿಗೆ 25 ಜಿಬಿ ಸಾಕು. ಕಾರ್ಡ್ ತುಂಬುವ ಮುಂಚೆ ಸೆಲ್ ಮುಗಿಯುತ್ತದೆ, ಸ್ವಾಮಿ. ಆ ಯುಎಸ್‌ಬಿ ಪೋರ್ಟಿನಿಂದಲೇ ರೆಕಾರ್ಡರ್‌ಗೆ ಕರೆಂಟ್ ಕೊಡಬಹುದಾದರೆ ಅದಕ್ಕೆ ಪವರ್ ಬ್ಯಾಂಕ್ ಜೋಡಿಸುವುದೇ ಜಾಣತನ. ಒಂದು ಎಚ್ಚರಿಕೆ: ರೆಕಾರ್ಡರ್ ಎಳೆಯುವ ಕರೆಂಟ್ ತೀರಾ ಕಡಿಮೆ ಇದ್ದರೆ ಕೆಲವು ಪವರ್ ಬ್ಯಾಂಕ್‌ಗಳು ಏನೂ ಸಿಕ್ಕಿಸಿಲ್ಲ ಅಂದುಕೊಂಡು ತಾವೇ ಆಫ್ ಆಗುತ್ತವೆ. ಮೊದಲು ಮನೆಯಲ್ಲೇ ಓಡಿಸಿ ನೋಡಿ.

ಕಾರ್ಡ್ ಕೊಳ್ಳುವಾಗ ನಿಮ್ಮ ರೆಕಾರ್ಡರ್ ಎಷ್ಟು ದೊಡ್ಡದನ್ನು ಒಪ್ಪುತ್ತದೆ ಅಂತ ನೋಡಿಕೊಳ್ಳಿ. ಜೂಮ್ ಎಚ್5ಗೆ 32 ಜಿಬಿ ಮಿತಿ, ಎಚ್6ಗೆ 128. ಫೈಲ್ ಮಧ್ಯದಲ್ಲಿ ತುಂಡಾದರೂ ಗಾಬರಿ ಬೇಡ. ಈ ರೆಕಾರ್ಡರ್‌ಗಳು ಫೈಲ್ 2 ಜಿಬಿ ಆಗುತ್ತಿದ್ದಂತೆ ಹೊಸ ಫೈಲ್ ಶುರು ಮಾಡುತ್ತವೆ. 48/24ರಲ್ಲಿ ಅದು ಹೆಚ್ಚುಕಡಿಮೆ ಎರಡು ಗಂಟೆಗೊಮ್ಮೆ. ಎಡಿಟ್ ಮಾಡುವಾಗ ಒಂದರ ಬಾಲಕ್ಕೆ ಇನ್ನೊಂದನ್ನು ಜೋಡಿಸಿದರೆ ಆಯಿತು.

ಹೊರಗಿನ ಡ್ರೈವ್‌ಗೆ ನೇರವಾಗಿ ಬರೆಯುವ ಯಂತ್ರಗಳು ಇಲ್ಲವೇ ಇಲ್ಲ ಅಂತಲ್ಲ. ಅವು ಬೇರೆ ದರ್ಜೆಯವು. ಜೋಕೊ ಬ್ಲ್ಯಾಕ್‌ಬಾಕ್ಸ್ 24 ಟ್ರ್ಯಾಕನ್ನು ಯುಎಸ್‌ಬಿ ಡ್ರೈವ್‌ಗೇ ಬರೆಯುತ್ತದೆ. ಅಲೆನ್ ಅಂಡ್ ಹೀತ್ ಕ್ಯೂ-16 ತರಹದ ಸೌಂಡ್ ಮಿಕ್ಸರ್‌ಗಳು 18 ಟ್ರ್ಯಾಕ್ ಬರೆಯುತ್ತವೆ. ಬೆಹ್ರಿಂಗರ್ ಎಕ್ಸ್32 ಮಿಕ್ಸರ್‌ನ ಮೇಲಿರುವ ಪೋರ್ಟಿಗೆ ಪೆನ್ ಡ್ರೈವ್ ಸಿಕ್ಕಿಸಿದರೆ ಸ್ಟೀರಿಯೊ ರೆಕಾರ್ಡಿಂಗ್ ಸಿಗುತ್ತದೆ. ಹಾಗಾಗಿ ಆಟಕ್ಕೆ ಬಂದಿರುವ ಸೌಂಡ್ ಸಿಸ್ಟಂನವರ ಬಳಿ ಡಿಜಿಟಲ್ ಮಿಕ್ಸರ್ ಇದ್ದರೆ ಫ್ಯಾಟ್32ಗೆ (ಡ್ರೈವ್‌ನಲ್ಲಿ ಫೈಲ್ ಜೋಡಿಸಿಡುವ ಒಂದು ಕ್ರಮ) ಫಾರ್ಮ್ಯಾಟ್ ಮಾಡಿದ ಒಳ್ಳೆ ಪೆನ್ ಡ್ರೈವ್ ಕೊಟ್ಟು ಕೇಳಿ ನೋಡಿ. ಆದರೆ ಅದೊಂದನ್ನೇ ನಂಬಬೇಡಿ. ಚೆಂಡೆ ತನ್ನಷ್ಟಕ್ಕೆ ತಾನೇ ಜೋರು. ಅದರ ಮೈಕನ್ನು ಸೌಂಡಿನವರು ತಗ್ಗಿಸಿ ಇಟ್ಟಿದ್ದರೆ ಮಿಕ್ಸರ್ ರೆಕಾರ್ಡಿಂಗ್‌ನಲ್ಲಿ ಚೆಂಡೆ ಎಲ್ಲೋ ದೂರದಲ್ಲಿ ಕೇಳುತ್ತದೆ. ನಿಮ್ಮ ರೆಕಾರ್ಡರ್ ಅದನ್ನು ಸಭೆಯಲ್ಲಿ ಕೂತವರಿಗೆ ಕೇಳಿದ ಹಾಗೆ ಹಿಡಿದಿರುತ್ತದೆ. ಎರಡೂ ಇದ್ದರೆ ಬೆರೆಸಿಕೊಳ್ಳಬಹುದು.

ನಿಮ್ಮ 1 ಟಿಬಿ ಡಿಸ್ಕ್‌ಗೆ ಕೆಲಸ ಇದೆ, ಅದು ಮಂಗಳ ಹಾಡಿದ ಮೇಲೆ. ಮೊದಲು ರೆಕಾರ್ಡರ್‌ನಲ್ಲಿ ಸ್ಟಾಪ್ ಒತ್ತಿ, ಫೈಲ್ ಉಳಿಸಿ ಮುಗಿಯುವವರೆಗೆ ಕಾಯಿರಿ. ವೇವ್ ಫೈಲಿನ ಉದ್ದ ಎಷ್ಟು ಅನ್ನುವುದನ್ನು ರೆಕಾರ್ಡರ್‌ಗಳು ಸಾಮಾನ್ಯವಾಗಿ ಕೊನೆಗೆ ಬರೆಯುತ್ತವೆ. ನಡುವೆ ಸೆಲ್ ಕಿತ್ತರೆ ದನಿ ಕಾರ್ಡಿನಲ್ಲಿದ್ದರೂ ಫೈಲ್ ಸೊನ್ನೆ ಅಂತ ತೋರಿಸಬಹುದು. ಆಮೇಲೆ ಕಾರ್ಡ್ ತೆಗೆದು ರೀಡರ್‌ಗೆ ಹಾಕಿ, ಲ್ಯಾಪ್‌ಟಾಪ್‌ನಿಂದ ಡಿಸ್ಕ್‌ಗೆ ಕಾಪಿ ಮಾಡಿ.

ಲ್ಯಾಪ್‌ಟಾಪ್ ಒಯ್ದಿಲ್ಲವಾ? ಒಟಿಜಿ ಇರುವ ಆಂಡ್ರಾಯ್ಡ್ ಫೋನ್ ಸಾಕು, ಟೈಪ್-ಸಿ ಬಂದ ಐಫೋನ್ 15ರ ನಂತರದವೂ ನಡೆಯುತ್ತವೆ. ಇಲ್ಲಿ ಹೋಸ್ಟ್ ಆಗುವುದು ಫೋನ್. ಒಂದು ಪೋರ್ಟನ್ನು ಹಲವಾಗಿಸುವ ಹಬ್‌ನಲ್ಲಿ ಕಾರ್ಡ್ ರೀಡರ್, ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ಡಿಸ್ಕ್) ಎರಡನ್ನೂ ಸಿಕ್ಕಿಸಿ ಫೈಲ್ ಮ್ಯಾನೇಜರ್‌ನಲ್ಲಿ ಕಾಪಿ ಮಾಡಬಹುದು. ತಿರುಗುವ ಡಿಸ್ಕ್ ಆದರೆ ಹಬ್‌ಗೆ ಬೇರೆ ಚಾರ್ಜರ್ ಬೇಕಾದೀತು. ಡಿಸ್ಕ್ ವಿಂಡೋಸ್‌ನ ಎನ್‌ಟಿಎಫ್‌ಎಸ್ ಫಾರ್ಮ್ಯಾಟ್‌ನಲ್ಲಿದ್ದರೆ ಎಷ್ಟೋ ಫೋನ್‌ಗಳು ಅದನ್ನು ಓದುವುದಿಲ್ಲ, ಎಕ್ಸ್‌ಫ್ಯಾಟ್ ಒಳ್ಳೆಯದು. ಫಾರ್ಮ್ಯಾಟ್ ಬದಲಿಸಿದರೆ ಒಳಗಿದ್ದದ್ದೆಲ್ಲ ಹೋಗುತ್ತದೆ. ಹಳೆ ಡಿಸ್ಕಿನಲ್ಲಿ ಯಾರದ್ದಾದರೂ ಮದುವೆ ಫೋಟೊ ಇದೆಯಾ ಅಂತ ಮೊದಲು ನೋಡಿ.

ಕಾಪಿ ಆಯಿತೆಂದು ಆ ಕ್ಷಣವೇ ಕಾರ್ಡ್ ಅಳಿಸಬೇಡಿ. ಇನ್ನೊಂದು ಪ್ರತಿಯೂ ಬೇರೆ ಕಡೆ ಇರಲಿ. ಎರಡರಲ್ಲೂ ಫೈಲಿನ ಗಾತ್ರ ಕಾರ್ಡಿನದಕ್ಕೆ ಸರಿ ಹೋಗುತ್ತದಾ ನೋಡಿ, ಕೊನೆಯ ಐದು ನಿಮಿಷ ಪ್ಲೇ ಮಾಡಿ ಕೇಳಿ. ಆಮೇಲೆ ಕಾರ್ಡನ್ನು ರೆಕಾರ್ಡರ್‌ನ ಮೆನುವಿನಿಂದಲೇ ಫಾರ್ಮ್ಯಾಟ್ ಮಾಡಿ. ಕಂಪ್ಯೂಟರ್‌ನಲ್ಲಿ ಮಾಡಿದ್ದನ್ನು ಕೆಲವು ರೆಕಾರ್ಡರ್‌ಗಳು ಒಪ್ಪುವುದಿಲ್ಲ. ಅದು ಗೊತ್ತಾಗುವುದು ಮುಂದಿನ ಆಟದ ದಿನ, ಚೌಕಿ (ವೇಷ ಕಟ್ಟುವ ಜಾಗ) ಪೂಜೆ ಮುಗಿದ ಮೇಲೆ.