ವಲಸಿಗ ರೈತ ಬಂದೂಕು ಹಿಡಿದಾಗ: ವೈಸರ್ ತಂದೆ, ಮಗ

ವಸಾಹತು ಕಾಲದ ಅಮೆರಿಕದ ಮಿಲಿಷಿಯಾ ಸಂಬಳದ ಸೈನ್ಯವಲ್ಲ. ಹೆಚ್ಚಿನ ವಸಾಹತುಗಳಲ್ಲಿ 16ರಿಂದ 60 ವರ್ಷದೊಳಗಿನ ಬಹುತೇಕ ಸ್ವತಂತ್ರ ಬಿಳಿಯ ಗಂಡಸರು ಕಾನೂನಿನ ಪ್ರಕಾರ ಅದರ ಪಟ್ಟಿಯಲ್ಲಿರಬೇಕಿತ್ತು. ಬಂದೂಕು, ಮದ್ದುಗುಂಡುಗಳನ್ನು ಸಾಮಾನ್ಯವಾಗಿ ಅವರೇ ತರಬೇಕು. ಕವಾಯತು ಮುಗಿದರೆ ಮತ್ತೆ ನೇಗಿಲು. ಪರೀಕ್ಷೆಗೆ ಇಷ್ಟು ಸಾಕು. ಆದರೆ ವಲಸಿಗನ ಪಾಡು ಅರ್ಥವಾಗಬೇಕಾದರೆ ವೈಸರ್ ಕುಟುಂಬದ ಕಥೆ ಗೊತ್ತಿರಬೇಕು.

1710ರಲ್ಲಿ ಬ್ರಿಟಿಷ್ ಸರ್ಕಾರ ಸುಮಾರು 3,000 ಜರ್ಮನ್ ವಲಸಿಗರನ್ನು ನ್ಯೂಯಾರ್ಕಿಗೆ ಸಾಗಿಸಿತು. ಹಡಗಿನ ಖರ್ಚಿನ ಋಣ ತೀರಿಸಲು ಅವರು ಹಡ್ಸನ್ ನದಿಯ ದಂಡೆಯಲ್ಲಿ ನೌಕಾಪಡೆಗಾಗಿ ಪೈನ್ ಮರಗಳಿಂದ ಡಾಂಬರು ತೆಗೆಯಬೇಕಿತ್ತು. ಮರುವರ್ಷವೇ ಫ್ರೆಂಚರ ಕೈಯಲ್ಲಿದ್ದ ಕೆನಡಾದ ಮೇಲೆ ಬ್ರಿಟಿಷರ ದಂಡಯಾತ್ರೆ. ಸುಮಾರು 300 ಜರ್ಮನ್ನರು ಹೊರಟರು. ಒಂದು ತುಕಡಿಗೆ ಹಿರಿಯ ವೈಸರ್ ಕ್ಯಾಪ್ಟನ್. ಬ್ರಿಟಿಷ್ ನೌಕಾಪಡೆ ಸೇಂಟ್ ಲಾರೆನ್ಸ್ ನದಿಯಲ್ಲಿ ಬಂಡೆಗಳಿಗೆ ಬಡಿದು ನೂರಾರು ಜನ ಮುಳುಗಿದ್ದರಿಂದ ಭೂಸೇನೆ ಅರ್ಧ ದಾರಿಯಿಂದಲೇ ವಾಪಸಾಯಿತು. ಸಂಬಳವನ್ನೂ ಕೊಡಲಿಲ್ಲ, ಬಂದೂಕುಗಳನ್ನೂ ಕಿತ್ತುಕೊಂಡರು ಎಂದು ಜರ್ಮನ್ನರು ದೂರಿದರು. 1712ರಲ್ಲಿ ಗವರ್ನರ್ ರಾಬರ್ಟ್ ಹಂಟರ್ ಪಡಿತರವನ್ನೂ ನಿಲ್ಲಿಸಿದ.

ಆ ಚಳಿಗಾಲ 16 ವರ್ಷದ ಮಗ ಕಾನ್ರಾಡ್ ಅಲ್ಲಿನ ಮೂಲನಿವಾಸಿಗಳಾದ ಮೊಹಾಕ್ ಜನರ ನಡುವೆ ಬದುಕಿ ಅವರ ಭಾಷೆ ಕಲಿತ. ಮುಂದೆ ಅದೇ ಅವನ ಜೀವನೋಪಾಯವಾಯಿತು. 1729ರಲ್ಲಿ ಪೆನ್ಸಿಲ್ವೇನಿಯಾದ ಟುಲ್ಪೆಹಾಕನ್‌ಗೆ ಬಂದು ನೆಲೆಸಿದ ಅವನು ಸರ್ಕಾರಕ್ಕೂ ಮೊಹಾಕರೂ ಸೇರಿದ್ದ ಮೂಲನಿವಾಸಿಗಳ ಇರೋಕ್ವಾಯ್ ಒಕ್ಕೂಟಕ್ಕೂ ನಡುವೆ ದುಭಾಷಿಯಾದ.

ಯುದ್ಧವಿರೋಧಿ ಕ್ರೈಸ್ತ ಪಂಥವಾದ ಕ್ವೇಕರ್‌ಗಳ ಹಿಡಿತದಲ್ಲಿದ್ದ ಪೆನ್ಸಿಲ್ವೇನಿಯಾ ಶಾಸನಸಭೆ ಮಿಲಿಷಿಯಾ ಕಾನೂನನ್ನೇ ಮಾಡಿರಲಿಲ್ಲ. 1755ರ ಅಕ್ಟೋಬರ್ 16ರಂದು ಮೂಲನಿವಾಸಿಗಳಾದ ಲೆನಾಪೆ ಯೋಧರು ಪೆನ್ಸಿಲ್ವೇನಿಯಾ ಗಡಿಯ ಪೆನ್ಸ್ ಕ್ರೀಕ್‌ನ ವಲಸಿಗರ ಮೇಲೆ ದಾಳಿ ಮಾಡಿದಾಗ ಗಡಿಗೆ ದಿಕ್ಕಿಲ್ಲದಂತಾಯಿತು. ವೈಸರ್ ನೆರೆಹೊರೆಯ ರೈತರನ್ನು ಕರೆಸಿದ. ಬಂದೂಕು, ಕತ್ತಿ, ಕೊಡಲಿ, ಹುಲ್ಲೆತ್ತುವ ಕವೆಗೋಲು, ಕೈಗೆ ಸಿಕ್ಕಿದ್ದನ್ನು ತನ್ನಿ, ಚೀಲದಲ್ಲಿ ಮೂರು ದಿನದ ಬುತ್ತಿ ಇರಲಿ ಎಂದ. ನೂರಾರು ಜನ ಸೇರಿದರು. ಪಾದ್ರಿ ಕುರ್ಟ್ಸ್ ಜರ್ಮನ್ ಭಾಷೆಯಲ್ಲಿ ಪ್ರಾರ್ಥನೆ ಮಾಡಿಸಿದ. ಸಮವಸ್ತ್ರವಿಲ್ಲ, ತರಬೇತಿಯಿಲ್ಲ, ಇದು ಸೈನ್ಯಕ್ಕಿಂತ ಊರಿನವರ ಕಾವಲು ಎಂದರೆ ಸರಿ.

ಪಠ್ಯಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತವೆ; ದಾಳಿ ಯಾಕಾಯಿತು ಎಂದು ಕೇಳುವುದಿಲ್ಲ. 1754ರಲ್ಲಿ ನ್ಯೂಯಾರ್ಕಿನ ಆಲ್ಬನಿಯಲ್ಲಿ ಪೆನ್ಸಿಲ್ವೇನಿಯಾದವರು ಸಸ್ಕ್ವೆಹಾನಾ ನದಿಯ ಪಶ್ಚಿಮದ ವಿಶಾಲ ಭೂಮಿಯನ್ನು ಇರೋಕ್ವಾಯ್‌ಗಳಿಂದ ಕೊಂಡರು. ಅಲ್ಲಿ ಬದುಕುತ್ತಿದ್ದ ಲೆನಾಪೆಗಳನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಒಂದೂವರೆ ದಿನ ನಡೆದಷ್ಟು ದೂರದ ಭೂಮಿ ಎಂಬ ನೆಪದಲ್ಲಿ ಲೆನಾಪೆಗಳ ನೆಲ ಕಬಳಿಸಿದ 1737ರ ‘ವಾಕಿಂಗ್ ಪರ್ಚೇಸ್’ ಮೋಸದಿಂದ ಅವರು ಮೊದಲೇ ಕುದಿಯುತ್ತಿದ್ದರು. ಆಲ್ಬನಿಯ ವ್ಯವಹಾರ ಕುದುರಿಸಿದವರಲ್ಲಿ ಕಾನ್ರಾಡ್ ವೈಸರ್ ಪ್ರಮುಖ. ಆ ಖರೀದಿಯ ಗಡಿರೇಖೆ ಶುರುವಾಗುವುದೇ ಪೆನ್ಸ್ ಕ್ರೀಕ್‌ನ ಬಳಿ. ಭೂಮಿಯನ್ನು ನಂಬಿ ಬಂದ ಬಡ ವಲಸಿಗರು ಅವನು ಕೊಡಿಸಿದ ಭೂಮಿಗಾಗಿಯೇ ಪ್ರಾಣ ತೆತ್ತರು. ಅವನನ್ನು ಬರೀ ವೀರನೆಂದು ಬರೆಯುವುದು ನನಗೆ ಒಪ್ಪಿಗೆಯಿಲ್ಲ.

1756ರಲ್ಲಿ ವೈಸರ್ ಲೆಫ್ಟಿನೆಂಟ್ ಕರ್ನಲ್ ಆಗಿ ಬ್ಲೂ ಮೌಂಟನ್ ಸಾಲಿನ ಫೋರ್ಟ್ ಹೆನ್ರಿಯಂಥ ಕೋಟೆಗಳ ಹೊಣೆ ಹೊತ್ತ. ಕೊಯ್ಲಿನ ಕಾಲದಲ್ಲಿ ಹೊಲಗಳಿಗೆ ಕಾವಲು ನಿಲ್ಲುವುದೂ ಅಲ್ಲಿನ ಸೈನಿಕರ ಕೆಲಸವಾಗಿತ್ತು. ಗಮನಿಸಿ: ಇವರು ಸಂಬಳದ ಪ್ರಾಂತೀಯ ಪಡೆ, ಮಿಲಿಷಿಯಾ ಅಲ್ಲ. ಬೆಂಜಮಿನ್ ಫ್ರಾಂಕ್ಲಿನ್ 1755ರ ನವೆಂಬರಿನಲ್ಲಿ ತಂದ ಮಿಲಿಷಿಯಾ ಕಾನೂನು ಬೇರೆ. ಅದರಲ್ಲಿ ಸೇರುವುದು ಐಚ್ಛಿಕ, ಅಧಿಕಾರಿಗಳನ್ನು ಆರಿಸುವವರು ಸೈನಿಕರೇ. ಲಂಡನ್ ಅದನ್ನು ಮರುವರ್ಷವೇ ತಳ್ಳಿಹಾಕಿತು.