ಉಳಿದ ಹನ್ನೆರಡು ಕರೆಂಟು

"ಗಂಟು ಕರಗಿತಲ್ಲ ಡಾಕ್ಟ್ರೇ, ಉಳಿದ ಕರೆಂಟು ಸುಗ್ಗಿ ಮುಗಿಸ್ಕಂಡು ಬಂದು ತಗಳ್ತೀನಿ."

ಅಡಿಕೆ ಕೊಯ್ಲು ಹತ್ತಿರವಾದಾಗಲೆಲ್ಲ ಬಾಯಿ ಕ್ಯಾನ್ಸರಿನವರು ಹೇಳುವ ಮಾತಿದು. ಕರೆಂಟೆಂದರೆ ರೇಡಿಯೇಷನ್ ಚಿಕಿತ್ಸೆ. ಕೇಳಿದರೆ ಮೈ ಉರಿಯುತ್ತದೆ. ಕವಳ, ಹೊಗೆಸೊಪ್ಪಿನ ಉಪದೇಶ ಇವತ್ತು ಬೇಡ, ನಿಮಗೂ ಸಾಕಾಗಿದೆ.

ಬಾಯಿ, ಗಂಟಲಿನ ಕ್ಯಾನ್ಸರಿಗೆ ಸಾಮಾನ್ಯವಾಗಿ 30ರಿಂದ 35 ಸಲ ರೇಡಿಯೇಷನ್, ವಾರಕ್ಕೆ ಐದು ದಿನದಂತೆ ಆರೇಳು ವಾರ. ಬದುಕುಳಿದ ಕ್ಯಾನ್ಸರ್ ಕಣಗಳು ನಾಲ್ಕನೇ ವಾರದ ಹೊತ್ತಿಗೆ ಮೊದಲಿಗಿಂತ ಜೋರಾಗಿ ಬೆಳೆಯತೊಡಗುತ್ತವೆ. ಸರಿಯಾಗಿ ಅದೇ ಹೊತ್ತಿಗೆ ಬಾಯೆಲ್ಲ ಹುಣ್ಣಾಗಿ ಗಂಜಿಯೂ ಇಳಿಯುವುದಿಲ್ಲ. ಗಂಟು ಮಾತ್ರ ಕರಗಿದಂತೆ ಕಾಣುತ್ತದೆ. ರೋಗಿ ಊರಿನ ಬಸ್ಸು ಹತ್ತುತ್ತಾನೆ. ಚಿಕಿತ್ಸೆ ಒಂದು ದಿನ ಎಳೆದರೆ ರೋಗ ಹತೋಟಿಗೆ ಬರುವ ಸಾಧ್ಯತೆ ಸುಮಾರು ಶೇ. 1ರಷ್ಟು ಇಳಿಯುತ್ತದೆಂಬುದು ನಮ್ಮಲ್ಲಿ ಚಾಲ್ತಿಯಲ್ಲಿರುವ ಅಂದಾಜು. ಎರಡು ತಿಂಗಳು ಬಿಟ್ಟು ಬಂದವರಿಗೆ ಉಳಿದ ಹನ್ನೆರಡು ಕೊಟ್ಟರೆ ಸಾಲದು. ಮೊದಲಿನಿಂದ ಕೊಡೋಣವೆಂದರೆ ಅದೇ ದವಡೆಯ ಮೂಳೆ, ಅದೇ ಚರ್ಮ ಮತ್ತೆ ತಡೆಯುವುದು ಕಷ್ಟ.

ಎಲ್ಲ ಕ್ಯಾನ್ಸರಿಗೂ ಲೆಕ್ಕ ಒಂದೇ ಅಲ್ಲ. ಕೆಲವೊಮ್ಮೆ ನಾವೇ ನಿಲ್ಲಿಸುತ್ತೇವೆ. ತಪ್ಪಿದ ಒಂದೆರಡು ದಿನವನ್ನು ಶನಿವಾರ ಕೊಟ್ಟೋ, ಕನಿಷ್ಠ ಆರು ಗಂಟೆ ಬಿಟ್ಟು ದಿನಕ್ಕೆ ಎರಡು ಸಲ ಕೊಟ್ಟೋ ಸರಿದೂಗಿಸಬಹುದು. ಅದಕ್ಕೆ ನೀವು ಹೇಳಿ ಹೋಗಬೇಕು.

ಹೊಸನಗರ ಕಡೆಯ ಹೆಂಗಸೊಬ್ಬರನ್ನು ಹೀಗೇ ಗದರಿದ್ದೆ: "ಅಡಿಕೆ ಕೊಳೆರೋಗಕ್ಕೆ ಒಂದು ಸಲ ಬೋರ್ಡೋ ದ್ರಾವಣ ಹೊಡೆದು ಎರಡನೇದು ಬಿಡ್ತೀರೇನಮ್ಮ?"

"ತೋಟ ಇದ್ದೋರನ್ನ ಕೇಳಿ ಡಾಕ್ಟ್ರೇ. ನಾನು ಸುಲಿಯೋಕೆ ಹೋಗೋಳು."

ತೋಟ ಇದ್ದವರಿಗೆ ಬೆಂಗಳೂರಲ್ಲಿ ಮಗನೋ ಅಳಿಯನೋ ಇರುತ್ತಾನೆ. ಕಿದ್ವಾಯಿಯಾದರೂ ಸರಿ, ಘಟ್ಟ ಇಳಿದು ಮಣಿಪಾಲವಾದರೂ ಸರಿ, ಹೇಗೋ ಮುಗಿಸುತ್ತಾರೆ. ಈಕೆಗೆ ವರ್ಷದ ದುಡ್ಡು ಕಾಣುವುದೇ ಸುಗ್ಗಿಯಲ್ಲಿ. ಆಯುಷ್ಮಾನ್ ಕಾರ್ಡು ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಕೊಡಿಸುತ್ತದೆ, ನಿಜ. ರೂಮಿನ ಬಾಡಿಗೆ, ಜೊತೆಗೆ ಕೂತ ಗಂಡನ ತಪ್ಪಿದ ಕೂಲಿ ಅದರಲ್ಲಿಲ್ಲ. ರೈಲಿನಲ್ಲಿ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಟಿಕೆಟ್ ಪೂರ್ತಿ ಉಚಿತ, ಜೊತೆಗಾರರಿಗೆ ಶೇ. 75 ರಿಯಾಯಿತಿ. ಡಾಕ್ಟರ ಸಹಿಯ ನಮೂನೆ ಬೇಕು, ನಾಚಿಕೊಳ್ಳದೆ ಕೇಳಿ.

ರೇಡಿಯೇಷನ್ ಹೊತ್ತಿಗೆ ತಲೆ ಅಲುಗದಂತೆ ಹಾಕುವ ಮುಖದ ಮಾಸ್ಕಿಗೆ ಅಚ್ಚು ತೆಗೆಯುವ ದಿನವೇ ಈಗ ವಿಚಾರಿಸುತ್ತೇನೆ: ಆರೇಳು ವಾರ ಎಲ್ಲಿ ಮಲಗುತ್ತೀರಿ, ಅಡುಗೆ ಯಾರು ಮಾಡುತ್ತಾರೆ, ಮನೆಯಲ್ಲಿ ದನ ಯಾರು ನೋಡುತ್ತಾರೆ?

ತೋಟದ ಯಜಮಾನರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮಲ್ಲಿ ಸುಲಿಯಲು ಬರುವವಳಿಗೆ ಈ ಸುಗ್ಗಿಯ ಕೂಲಿಯನ್ನು ಮುಂಗಡ ಕೊಟ್ಟು ಕಳಿಸಿ. ಮುಂದಿನ ವರ್ಷ ಮುರಿದುಕೊಂಡರಾಯಿತು.